ಓಗರ್ ಹೊಡೆತಕ್ಕೆ ಖಡ್ಗ ಮುರಿಯಿತು, ಈಗೇನು?

ಪ್ರಶ್ನೆ: ನಾವು ಐದು ಜನ ಎಂಟು ತಿಂಗಳಿಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಆಡುವ ದಾಳದಾಟ ಆಡುತ್ತಿದ್ದೇವೆ. ಐದನೇ ಆವೃತ್ತಿ, 2014ರ ನಿಯಮಗಳು. ಕಥೆ ನಡೆಸಿ ಶತ್ರುಗಳನ್ನು ಆಡಿಸುವ ಡಂಜನ್ ಮಾಸ್ಟರ್ ನಾನೇ. ಕಳೆದ ತಿಂಗಳು ಒಂದು ಕಾಳಗದಲ್ಲಿ, ಓಗರ್ ಎಂಬ ದೈತ್ಯಜೀವಿ ಈ ಸಲ ಫೈಟರ್‌ನ ಮೈಗಲ್ಲ, ಖಡ್ಗಕ್ಕೇ ಹೊಡೆಯುತ್ತದೆ ಎಂದೆ. ದಾಳ ಬಿತ್ತು, ಖಡ್ಗ ಎರಡು ತುಂಡಾಯಿತು. ಅದು ಆ ಪಾತ್ರಕ್ಕೆ ತಂದೆಯಿಂದ ಬಂದ ಖಡ್ಗ. ಆ ಪಾತ್ರ ಆಡುವವನು ನನ್ನ ಚಿಕ್ಕಪ್ಪನ ಮಗ, ನನಗೆ ತಮ್ಮನಾಗಬೇಕು. ಆಮೇಲೆ ಎರಡು ಭಾನುವಾರ ಅವನು ಆಟಕ್ಕೆ ಬರಲೇ ಇಲ್ಲ. ಶತ್ರುಗಳು ಆಟಗಾರರ ಆಯುಧ, ಗುರಾಣಿ, ಕವಚ ಮುರಿಯುವುದಕ್ಕೆ ನಿಯಮ ಇದೆಯೇ? ಇದ್ದರೆ ಬಳಸಬೇಕೇ? ನಾನೀಗ ಏನು ಮಾಡಲಿ?

ಉತ್ತರ: ಮೊದಲು ಖಡ್ಗದ ವಿಷಯ ಮುಗಿಸೋಣ, ಉಳಿದದ್ದು ಆಮೇಲೆ. ಮುರಿದ ತುಂಡುಗಳನ್ನು ನಿಮ್ಮ ತಂಡದವರು ಎತ್ತಿಕೊಂಡಿದ್ದಾರೆಯೇ? ಎತ್ತಿಕೊಂಡಿದ್ದರೆ ಅರ್ಧ ಸಮಸ್ಯೆ ಅಲ್ಲಿಗೇ ಕಳೆಯಿತು. ‘ಮೆಂಡಿಂಗ್’ ಎಂಬ ಕ್ಯಾಂಟ್ರಿಪ್, ಅಂದರೆ ಎಷ್ಟು ಸಲ ಬೇಕಾದರೂ ಹಾಕಬಹುದಾದ ಸಣ್ಣ ಮಂತ್ರ, ಇದೆ, ನೋಡಿ. ಹಾಕಲು ಒಂದು ನಿಮಿಷ ಬೇಕು, ದೊಡ್ಡ ಮಂತ್ರಗಳಿಗೆ ಬೇಕಾಗುವ ಸ್ಪೆಲ್ ಸ್ಲಾಟ್ ಖರ್ಚಾಗುವುದಿಲ್ಲ. ಯಾವ ದಿಕ್ಕಿನಲ್ಲೂ ಒಂದು ಅಡಿ ಮೀರದ ಒಂದು ಬಿರುಕು ಅಥವಾ ಮುರಿತವನ್ನು ಗುರುತೂ ಉಳಿಯದಂತೆ ಕೂಡಿಸಿಬಿಡುತ್ತದೆ. ಅಲಗು ಎರಡು ತುಂಡಾದರೆ ಮುರಿದ ಜಾಗ ಎರಡು ಮೂರು ಅಂಗುಲ ಅಗಲವಷ್ಟೇ. ಬಾರ್ಡ್, ಕ್ಲೆರಿಕ್, ಡ್ರೂಯಿಡ್, ಸಾರ್ಸರರ್, ವಿಝರ್ಡ್ ಈ ಐದು ಬಗೆಯ ಮಂತ್ರ ಬಲ್ಲ ಪಾತ್ರಗಳಲ್ಲಿ ಯಾರು ಬೇಕಾದರೂ ಇದನ್ನು ಕಲಿಯಬಹುದು. ನಿಮ್ಮ ತಂಡದಲ್ಲಿ ಯಾರಿಗೂ ಬಾರದಿದ್ದರೆ ಮುಂದಿನ ಊರಿನ ಗುಡಿಯಲ್ಲಿ ಒಬ್ಬ ವಯಸ್ಸಾದ ಕ್ಲೆರಿಕ್ ಇದ್ದೇ ಇರುತ್ತಾರೆ. ಅವರನ್ನು ಅಲ್ಲಿ ಕೂರಿಸುವವರು ನೀವೇ ಅಲ್ಲವೇ?

ಆದರೆ ನಿಮ್ಮ ತಮ್ಮ ಎರಡು ವಾರ ಬಾರದೇ ಇದ್ದದ್ದು ಹದಿನೈದು ಚಿನ್ನದ ನಾಣ್ಯದ ಲಾಂಗ್‌ಸ್ವೋರ್ಡ್ ಹೋಯಿತೆಂದಲ್ಲ. ಅವನನ್ನು ಕೇಳದೆ, ಮುನ್ಸೂಚನೆಯೂ ಇಲ್ಲದೆ ಅದು ಹೋಯಿತು. ನನ್ನ ಮಟ್ಟಿಗೆ ಇಡೀ ಪ್ರಶ್ನೆ ಇರುವುದು ಇಲ್ಲಿ.

ನಿಯಮ ಇದೆಯೇ ಎಂದಿರಿ. ಐದನೇ ಆವೃತ್ತಿಯಲ್ಲಿ ಎದುರಾಳಿಯ ಕೈಯಲ್ಲಿರುವ ಆಯುಧ ಮುರಿಯಲು ಪ್ರತ್ಯೇಕ ಕ್ರಿಯೆ ಇಲ್ಲ. ಡಂಜನ್ ಮಾಸ್ಟರ್‌ಗಳ ಪುಸ್ತಕದಲ್ಲಿ ಜಡವಸ್ತುಗಳಿಗೆ ಒಂದು ಕೋಷ್ಟಕವಿದೆ. ಮರಕ್ಕೆ ಆರ್ಮರ್ ಕ್ಲಾಸ್ (ಏಟು ತಾಗಲು ದಾಳಿಯ ಮೊತ್ತ ಮುಟ್ಟಬೇಕಾದ ಅಂಕಿ) 15, ಕಬ್ಬಿಣ ಮತ್ತು ಉಕ್ಕಿಗೆ 19, ಅಡಮಂಟೈನ್‌ಗೆ 23; ಗಟ್ಟಿಮುಟ್ಟಾದ ಸಣ್ಣ ವಸ್ತುವಿಗೆ ಸರಾಸರಿ 10 ಹಿಟ್ ಪಾಯಿಂಟ್, ಅಂದರೆ ಅಷ್ಟು ಏಟು ಬಿದ್ದರೆ ಅದು ಮುರಿಯುತ್ತದೆ. ನೀವು ಬಹುಶಃ ಇದನ್ನೇ ಹಿಡಿದು ದಾಳ ಹಾಕಿಸಿದ್ದೀರಿ. ತಪ್ಪಲ್ಲ, ಆ ಅಧಿಕಾರ ನಿಮಗಿದೆ. ಆದರೆ ಆ ಕೋಷ್ಟಕ ಚೆನ್ನಾಗಿ ಹೊಂದುವುದು ಬಾಗಿಲು, ಪೆಟ್ಟಿಗೆ, ಹಗ್ಗಗಳಂಥವಕ್ಕೆ. ಕಾಳಗದ ನಡುವೆ ಕೈಯಲ್ಲಿ ಆಡುತ್ತಿರುವ ಖಡ್ಗಕ್ಕೆ ಅದನ್ನು ಹಾಗೇ ಹಚ್ಚಿದರೆ ಏನಾಗುತ್ತದೆಂದು ಲೆಕ್ಕ ಹಾಕಿ ನೋಡಿ.

ಓಗರ್‌ಗೆ ದಾಳಿಯ ಮೇಲೆ 6 ಕೂಡುತ್ತದೆ. ಆರ್ಮರ್ ಕ್ಲಾಸ್ 19ನ್ನು ತಾಗಲು ಇಪ್ಪತ್ತು ಮುಖದ ದಾಳದಲ್ಲಿ 13 ಅಥವಾ ಹೆಚ್ಚು ಬೀಳಬೇಕು, ಅಂದರೆ ನೂರಕ್ಕೆ 40. ಅದರ ಗದೆಯ ಏಟು ಎಂಟು ಮುಖದ ಎರಡು ದಾಳ ಮತ್ತು 4. ಈ ಮೊತ್ತ 10 ಮುಟ್ಟುವ ಸಾಧ್ಯತೆ 64ರಲ್ಲಿ 54. ಎರಡನ್ನೂ ಸೇರಿಸಿದರೆ ಪ್ರತಿ ಏಟಿಗೂ ಮೂರರಲ್ಲಿ ಒಂದು ಸಲ ಖಡ್ಗ ತುಂಡಾಗುತ್ತದೆ. ಮೂರು ಸರದಿ ಓಗರ್ ಅದನ್ನೇ ಮಾಡಿದರೆ ಖಡ್ಗ ಉಳಿಯುವುದಕ್ಕಿಂತ ಹೋಗುವುದೇ ಹೆಚ್ಚು. ಅದೇ ಓಗರ್ ಐದನೇ ಹಂತದ ಫೈಟರ್‌ನ ಮೈಗೆ ಹೊಡೆದರೆ? 44 ಹಿಟ್ ಪಾಯಿಂಟ್ ಇರುವವನನ್ನು ಸರಾಸರಿ 13ರ ಏಟಿನಲ್ಲಿ ಕೆಡವಲು ನಾಲ್ಕು ಏಟು ಬೇಕು. ಮನುಷ್ಯ ಮೂರು ಏಟು ತಾಳುತ್ತಾನೆ, ಉಕ್ಕು ಒಂದಕ್ಕೇ ಹೋಗುತ್ತದೆ. ಈ ಲೆಕ್ಕ ಗೊತ್ತಿರುವ ಯಾವ ಶತ್ರುವೂ ಮೈಗೆ ಹೊಡೆಯುವುದೇ ಇಲ್ಲ. ಆಟ ಅಲ್ಲಿಗೇ ಕೆಡುತ್ತದೆ.

ಇದು ನಿಮಗೊಬ್ಬರಿಗೇ ಎದುರಾದ ತೊಡಕಲ್ಲ. 2003ರಲ್ಲಿ ಬಂದ ಮೂರೂವರೆ ಆವೃತ್ತಿಯಲ್ಲಿ ‘ಸಂಡರ್’ ಎಂಬ ಕ್ರಿಯೆಯೇ ಇತ್ತು. ನಾನು ಅದನ್ನು ಬಹಳ ಆಡಿಸಿದ್ದೇನೆ. ಇಬ್ಬರೂ ಎದುರುಬದುರು ದಾಳಿಯ ದಾಳ ಹಾಕಬೇಕು. ಎರಡು ಕೈಯ ಆಯುಧ ಹಿಡಿದವನಿಗೆ 4 ಹೆಚ್ಚು, ಗಾತ್ರದಲ್ಲಿ ದೊಡ್ಡವನಿಗೆ ಪ್ರತಿ ಹಂತಕ್ಕೂ ಮತ್ತೆ 4. ಗೆದ್ದರೆ ಏಟು ಆಯುಧಕ್ಕೆ. ಸಾಧಾರಣ ಲಾಂಗ್‌ಸ್ವೋರ್ಡ್‌ಗೆ ಹಾರ್ಡ್‌ನೆಸ್ 10, ಹಿಟ್ ಪಾಯಿಂಟ್ 5. ಏಟಿನಲ್ಲಿ ಮೊದಲ ಹತ್ತನ್ನು ಉಕ್ಕು ನುಂಗಿಕೊಳ್ಳುತ್ತದೆ, ಉಳಿದದ್ದು ಐದಾದರೆ ಮುರಿಯುತ್ತದೆ. ಆ ಆವೃತ್ತಿಯ ಓಗರ್‌ನ ಸರಾಸರಿ ಏಟು 16. ಅಂದರೆ ಸಾಧಾರಣ ಏಟಿಗೇ ಸಾಧಾರಣ ಖಡ್ಗ ಹೋಯಿತು. ಧರಿಸಿದ ಕವಚಕ್ಕೆ ಮಾತ್ರ ಸಂಡರ್ ಮಾಡುವಂತಿರಲಿಲ್ಲ.

ಮಾಂತ್ರಿಕ ಖಡ್ಗ ಇನ್ನೂ ಗಟ್ಟಿ. ಮಂತ್ರಬಲದ ಪ್ರತಿ ಪ್ಲಸ್‌ಗೆ ಹಾರ್ಡ್‌ನೆಸ್ 2, ಹಿಟ್ ಪಾಯಿಂಟ್ 10 ಏರುತ್ತಿತ್ತು. ಪ್ಲಸ್ ಮೂರರ ಲಾಂಗ್‌ಸ್ವೋರ್ಡ್‌ಗೆ ಹಾರ್ಡ್‌ನೆಸ್ 16, ಹಿಟ್ ಪಾಯಿಂಟ್ 35. ಇಪ್ಪತ್ತೈದರ ಏಟು ಬಿದ್ದರೂ ಒಳಗೆ ಹೋಗುವುದು 9 ಮಾತ್ರ, ನಾಲ್ಕು ಏಟು ಬೇಕು. ಸರಿಯಾಗಿದೆ ಅನ್ನಿಸುತ್ತದೆ ಅಲ್ಲವೇ? ಬೆಲೆ ನೋಡಿ. ಆ ಮಂತ್ರದ ಬೆಲೆಯೇ 18,000 ಚಿನ್ನದ ನಾಣ್ಯ. ಹತ್ತನೇ ಹಂತದ ಪಾತ್ರವೊಂದರ ಬಳಿ ಇರಬೇಕಾದ ಒಟ್ಟು ಆಸ್ತಿ ಎಂದು ಪುಸ್ತಕವೇ ಹೇಳುತ್ತಿದ್ದದ್ದು 49,000. ಒಂದು ಕಾಳಗದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆಸ್ತಿ ಮಣ್ಣು. ಮುಂದಿನ ಎಲ್ಲ ಶತ್ರುಗಳ ಬಲವನ್ನು ಆ ಆಸ್ತಿ ಇದೆ ಎಂದೇ ಲೆಕ್ಕ ಹಾಕಿಟ್ಟಿರುವಾಗ, ಆ ಆಟಗಾರ ತಿಂಗಳುಗಟ್ಟಲೆ ಕುಂಟುತ್ತ ಆಡಬೇಕಾಗುತ್ತಿತ್ತು.

ಇನ್ನೊಂದು ಓರೆಯೂ ಇತ್ತು. ಆಟಗಾರರು ಶತ್ರುವಿನ ಆಯುಧ ಮುರಿಯುತ್ತಲೇ ಇರಲಿಲ್ಲ. ಗೆದ್ದ ಮೇಲೆ ಅದು ತಮ್ಮದೇ ಆಗುವ ಮಾಲು, ಯಾರು ಮುರಿದುಕೊಳ್ಳುತ್ತಾರೆ? ಶತ್ರುವಿಗೆ ಆ ಹಂಗಿಲ್ಲ. ಅವನು ಮೇಜಿನ ಮೇಲೆ ಬದುಕುವುದು ಮೂರು ನಾಲ್ಕು ಸರದಿ. ನಾಳೆಗೆ ಉಳಿಸಬೇಕಾದ್ದು ಅವನಿಗೆ ಏನೂ ಇಲ್ಲ. ನಿಮ್ಮ ತಮ್ಮನ ಖಡ್ಗವಾದರೋ ಎಂಟು ತಿಂಗಳಿಂದ ಅವನ ಸೊಂಟದಲ್ಲಿದೆ. ಒಂದೇ ನಿಯಮ ಇಬ್ಬರಿಗೂ ಅನ್ವಯಿಸಿದರೂ ಇಬ್ಬರೂ ಕಳೆದುಕೊಳ್ಳುವುದು ಒಂದೇ ಅಲ್ಲ.

ಆ ಮೂರೂವರೆ ಆವೃತ್ತಿಯಿಂದಲೇ ಹುಟ್ಟಿ 2009ರಲ್ಲಿ ಬಂದ ಬೇರೊಂದು ಆಟ ಪಾತ್‌ಫೈಂಡರ್ ಇದನ್ನು ಸ್ವಲ್ಪ ಮೆತ್ತಗೆ ಮಾಡಿತು. ಅರ್ಧಕ್ಕಿಂತ ಹೆಚ್ಚು ಪೆಟ್ಟಾದ ಆಯುಧ ‘ಬ್ರೋಕನ್’. ಕೈಯಲ್ಲೇ ಇರುತ್ತದೆ, ದಾಳಿ ಮತ್ತು ಏಟು ಎರಡರಲ್ಲೂ 2 ಕಡಿಮೆ. ಪೂರ್ತಿ ಮುರಿಯುವ ಹಂತ ಬಂದಾಗಲೂ ಹೊಡೆದವನು ಬೇಕಿದ್ದರೆ ಒಂದು ಹಿಟ್ ಪಾಯಿಂಟ್ ಉಳಿಸಿ ಬಿಡಬಹುದಿತ್ತು. 2019ರಲ್ಲಿ ಬಂದ ಅದರ ಎರಡನೇ ಆವೃತ್ತಿಯಲ್ಲಿ ಎಲ್ಲರಿಗೂ ಸಿಗುವ ಸಂಡರ್ ಕ್ರಿಯೆಯನ್ನೇ ಕೈಬಿಟ್ಟು, ಮುರಿಯುವ ಭಾರವನ್ನು ಗುರಾಣಿಯ ಮೇಲೆ ಹಾಕಿದರು. ಉಕ್ಕಿನ ಗುರಾಣಿಗೆ ಹಾರ್ಡ್‌ನೆಸ್ 5, ಹಿಟ್ ಪಾಯಿಂಟ್ 20. ಏಟು ಬಿದ್ದಾಗ ಗುರಾಣಿ ಒಡ್ಡಬೇಕೇ ಬೇಡವೇ ಎಂದು ಹೇಳುವವನು ಆಟಗಾರ. ಮುರಿದರೆ ಅವನೇ ಒಡ್ಡಿದ್ದು. ಈ ಒಂದು ತಿರುವಿನಿಂದ ಮೇಜಿನ ಸುತ್ತ ಎಷ್ಟು ವ್ಯತ್ಯಾಸವಾಯಿತೆಂದು ಆಡಿದವರಿಗೆ ಗೊತ್ತು. ಅದೇ ಗುರಾಣಿ, ಅದೇ ನಷ್ಟ, ಮುಖ ಮಾತ್ರ ಸಪ್ಪಗಾಗುವುದಿಲ್ಲ.

ಹಾಗಾದರೆ ಶತ್ರು ತಾನಾಗಿ ಸಾಮಾನು ಹಾಳು ಮಾಡಲೇಬಾರದೇ? ಹಾಗಲ್ಲ. ರಸ್ಟ್ ಮಾನ್‌ಸ್ಟರ್ ಇದೆಯಲ್ಲ. ಈ ಆಟವನ್ನು ಸೃಷ್ಟಿಸಿದವರಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಅವರಿಗೆ ಹಾಂಗ್‌ಕಾಂಗ್‌ನಲ್ಲಿ ಮಾಡಿದ ಅಗ್ಗದ ಪ್ಲಾಸ್ಟಿಕ್ ಆಟಿಕೆಯೊಂದರಿಂದ ಹೊಳೆದ ಜೀವಿ; 1975ರಿಂದ ಈ ಆಟದಲ್ಲಿದೆ. ಕಬ್ಬಿಣ ಮುಟ್ಟಿದರೆ ತುಕ್ಕು. ಹಳೆಯ ಕಾಲದಲ್ಲಿ ಮುಟ್ಟಿದ್ದೇ ತಡ ಕವಚ ಪುಡಿ. ನೀವು ಆಡುವ 2014ರ ನಿಯಮಗಳಲ್ಲಿ ಅದಕ್ಕೆ ಹೊಡೆದ ಮಾಂತ್ರಿಕವಲ್ಲದ ಲೋಹದ ಆಯುಧದ ಏಟು ಒಂದೊಂದೇ ಕಡಿಮೆಯಾಗುತ್ತ ಹೋಗಿ, ಒಟ್ಟು ಐದು ಕಡಿಮೆಯಾದಾಗ ಆಯುಧ ನಾಶ. ಅದರ ಮೀಸೆ ಕವಚಕ್ಕೆ ತಾಗದಂತೆ ತಪ್ಪಿಸಿಕೊಳ್ಳಲು ಸೇವಿಂಗ್ ಥ್ರೋ ಎಂಬ ದಾಳದ ಎಸೆತ ಇದೆ, 11 ಮುಟ್ಟಿದರೆ ಸಾಕು.

ಈ ಪ್ರಾಣಿಯಿಂದ ಕವಚ ಕಳೆದುಕೊಂಡವರು ನನ್ನ ಮೇಜಿನಲ್ಲಿ ಇದ್ದಾರೆ, ಮುನಿಸಿಕೊಂಡವರು ಇಲ್ಲ. ಅದು ಬರುವ ಮುಂಚೆಯೇ ಗೊತ್ತಾಗುತ್ತದೆ. ಗುಹೆಯ ಬಾಯಲ್ಲಿ ಕೆಂಪು ಪುಡಿ, ಕೀಲು ಮಾತ್ರ ಮಾಯವಾದ ಮರದ ಬಾಗಿಲು, ಬಕಲ್ ಇಲ್ಲದ ಚರ್ಮದ ಬೆಲ್ಟು. ಅಷ್ಟು ಕಂಡ ಮೇಲೆ ಆಟಗಾರರು ಗುಂಪಾಗಿ ಚರ್ಚೆಗೆ ಕೂರುತ್ತಾರೆ. ಭಾರೀ ಕವಚ ಬಿಚ್ಚಲು ಐದು ನಿಮಿಷ ಬೇಕು, ಕಾಳಗದ ಒಂದು ಸುತ್ತು ಆರೇ ಸೆಕೆಂಡು. ಬಿಚ್ಚುವುದಾದರೆ ಈಗಲೇ ಬಿಚ್ಚಬೇಕು. ಒಬ್ಬ ಕವಚ ಕಳಚಿಟ್ಟು ಬರೀ ದೊಣ್ಣೆ ಹಿಡಿಯುತ್ತಾನೆ. ಇನ್ನೊಬ್ಬಳು ಮೊಳೆಗಳ ಚೀಲವನ್ನು ಮೇವಿನಂತೆ ಮುಂದೆ ಎಸೆಯುತ್ತಾಳೆ. ಮತ್ತೊಬ್ಬ ‘ಆದದ್ದಾಗಲಿ’ ಎಂದು ಹಾಗೇ ನುಗ್ಗುತ್ತಾನೆ. ಅವನ 1500 ನಾಣ್ಯದ ಪ್ಲೇಟ್ ಕವಚ ತುಕ್ಕು ಹಿಡಿದರೆ ಆ ಕಥೆಯನ್ನು ಅವನೇ ವರ್ಷಗಟ್ಟಲೆ ಹೇಳಿಕೊಂಡು ತಿರುಗುತ್ತಾನೆ.

ಆಯುಧ ಮುರಿಯುವ ದೃಶ್ಯವೆಂದರೆ ನನಗೆ ಯಾವಾಗಲೂ ನೆನಪಾಗುವುದು ದ್ರೋಣಪರ್ವದ ಅಭಿಮನ್ಯು. ಕರ್ಣ ಅವನ ಬಿಲ್ಲು ಕತ್ತರಿಸುತ್ತಾನೆ, ಕೃತವರ್ಮ ಕುದುರೆಗಳನ್ನು ಕೊಲ್ಲುತ್ತಾನೆ. ಹುಡುಗ ಕತ್ತಿ ಗುರಾಣಿ ಹಿಡಿದು ಆಕಾಶಕ್ಕೆ ನೆಗೆಯುತ್ತಾನೆ. ದ್ರೋಣ ಕತ್ತಿಯನ್ನು ಹಿಡಿಯ ಬಳಿಯೇ ಕತ್ತರಿಸುತ್ತಾನೆ, ಕರ್ಣ ಗುರಾಣಿ ಚೂರು ಮಾಡುತ್ತಾನೆ. ಹುಡುಗ ರಥದ ಚಕ್ರ ಎತ್ತುತ್ತಾನೆ. ಅದೂ ಪುಡಿಯಾಗುತ್ತದೆ. ಗದೆ ಹಿಡಿದು ಬರುತ್ತಾನೆ, ಅಶ್ವತ್ಥಾಮ ರಥದಿಂದ ಹಿಂದಕ್ಕೆ ನೆಗೆಯಬೇಕಾಗುತ್ತದೆ. ಒಬ್ಬ ಯೋಧನ ಕೈಯಿಂದ ಒಂದೊಂದಾಗಿ ಎಲ್ಲವನ್ನೂ ಕಿತ್ತುಕೊಂಡರೂ ಅವನು ಒಂದು ಕ್ಷಣವೂ ಕೈ ಕಟ್ಟಿ ನಿಲ್ಲುವುದಿಲ್ಲ. ಪ್ರತಿ ಸಲ ಮುರಿದಾಗಲೂ ಇನ್ನೊಂದು ಕೈಗೆ ಸಿಗುತ್ತದೆ, ಪ್ರತಿ ಸಲ ಅವನು ಇನ್ನಷ್ಟು ಎತ್ತರಕ್ಕೆ ಬೆಳೆಯುತ್ತಾನೆ. ಡಂಜನ್ ಮಾಸ್ಟರ್ ಆಗಿ ನಾನು ಕಲಿಯಬೇಕಾದ್ದು ಆ ರಥದ ಚಕ್ರದಿಂದ. ಖಡ್ಗ ಮುರಿಯುವ ಮುಂಚೆ ನಾನು ಸುತ್ತಮುತ್ತ ಒಂದು ಚಕ್ರ ಇಟ್ಟಿರಬೇಕು. ಗೋಡೆಗೆ ಸಿಕ್ಕಿಸಿದ ಪಂಜು, ಮೇಲೆ ತೂಗುವ ಸರಪಳಿ, ಸತ್ತ ಗಾಬ್ಲಿನ್ನಿನ ಈಟಿ. ನಿಮ್ಮ ಓಗರ್ ಗುಹೆಯಲ್ಲಿ ಏನಿತ್ತು? ಖಡ್ಗ ಮುರಿದ ಮರುಕ್ಷಣ ನಿಮ್ಮ ತಮ್ಮನ ಸರದಿ ಬಂದಾಗ ಅವನು ಏನು ಮಾಡಬಹುದಿತ್ತು? ಉತ್ತರ ‘ಏನೂ ಇಲ್ಲ’ ಎಂದಾದರೆ, ಅವನು ಮುಂದಿನ ಭಾನುವಾರ ಯಾಕೆ ಬರಲಿಲ್ಲ ಎಂಬುದಕ್ಕೂ ಅದೇ ಉತ್ತರ.

ಬೇರೆ ಆಟಗಳು ಈ ಆಯ್ಕೆಯನ್ನು ಆಟಗಾರನ ಕೈಗೆ ಹೇಗೆ ಕೊಟ್ಟಿವೆ ಎಂದು ನೋಡಿದರೆ ನಿಮಗೆ ಉಪಯೋಗವಾದೀತು. ಸ್ವೀಡನ್ನಿನ ಫರ್ಬಿಡನ್ ಲ್ಯಾಂಡ್ಸ್, 2018ರ ಆಟ, ನನಗೆ ಬಹಳ ಇಷ್ಟ. ಅಲ್ಲಿ ಆಯುಧಕ್ಕೆ ಅದರದ್ದೇ ದಾಳಗಳು. ಮೊದಲ ಎಸೆತ ಸಾಲದಿದ್ದರೆ ಇನ್ನೊಮ್ಮೆ ಎಸೆಯಬಹುದು, ಬಲವಂತವಿಲ್ಲ. ಎಸೆದಾಗ ಆಯುಧದ ದಾಳದಲ್ಲಿ ಬಿದ್ದ ಪ್ರತಿ ಒಂದಕ್ಕೂ ಆ ಆಯುಧ ಒಂದು ಹಂತ ಸವೆಯುತ್ತದೆ. ಖಡ್ಗ ಮುರಿಯುವುದು ನಿಮ್ಮ ಹಟಕ್ಕೆ, ಶತ್ರುವಿನ ಇಚ್ಛೆಗಲ್ಲ. ಲೋಹ ತೀರ ಅಪರೂಪವಾದ ಮರಳುಗಾಡಿನ ಲೋಕ ಡಾರ್ಕ್ ಸನ್‌ನ 2010ರ ರೂಪದಲ್ಲೂ ಇಂಥದ್ದೇ ಒಂದಿತ್ತು. ದಾಳದಲ್ಲಿ ಒಂದು ಬಿದ್ದರೆ, ಗುರಿ ತಪ್ಪಿತೆಂದು ಒಪ್ಪಿಕೊಳ್ಳಿ, ಇಲ್ಲವೇ ಮತ್ತೆ ಎಸೆಯಿರಿ. ಮತ್ತೆ ಎಸೆದರೆ ಎಲುಬಿನ ಕತ್ತಿ ಆ ಏಟಿನೊಂದಿಗೆ ಮುರಿಯುತ್ತದೆ. ಹಳೆಯ ಶೈಲಿಯ ಆಟಗಳನ್ನು ಆಡುವವರಲ್ಲಿ ಇನ್ನೂ ಸರಳವಾದ ಪದ್ಧತಿ ಇದೆ. ಯಾವ ಏಟು ಬೇಡವೋ ಅದಕ್ಕೆ ಗುರಾಣಿ ಒಡ್ಡಿ, ಏಟು ಪೂರ್ತಿ ತಪ್ಪುತ್ತದೆ, ಗುರಾಣಿ ಚೂರಾಗುತ್ತದೆ.

ಗುರಾಣಿ ಹೀಗೆ ಬಲಿಯಾಗುವುದು ಇತಿಹಾಸಕ್ಕೂ ಒಪ್ಪುತ್ತದೆ. ಐಸ್‌ಲ್ಯಾಂಡಿನ ಹಳೆಯ ಸಾಗಾ ಕಥೆಗಳಲ್ಲಿ ದ್ವಂದ್ವಯುದ್ಧಕ್ಕೆ ನಿಂತವನಿಗೆ ಮೂರು ಗುರಾಣಿ ಕೊಡುವ ಪದ್ಧತಿಯ ವರ್ಣನೆ ಇದೆ. ಮೂರೂ ಒಡೆದ ಮೇಲೆ ಆಯುಧದಿಂದಲೇ ಕಾಪಾಡಿಕೊಳ್ಳಬೇಕು. ಒಡೆಯದೆಯೂ ಕಳೆದುಕೊಳ್ಳುವ ದಾರಿ ಉಂಟು. ಕ್ರಿ.ಪೂ. 58ರಲ್ಲಿ ಹೆಲ್ವೆಟಿ ಎಂಬ ಬುಡಕಟ್ಟಿನ ಜೊತೆಗಿನ ಯುದ್ಧದಲ್ಲಿ ರೋಮನ್ನರ ಎಸೆಯುವ ಈಟಿಗಳು ಆ ಜನರ ಗುರಾಣಿಗಳಿಗೆ ನಾಟಿ ಬಾಗಿದವು, ಕೀಳಲಾಗದೆ ಬಹಳಷ್ಟು ಜನ ಗುರಾಣಿ ಬಿಸುಟು ಬರೀ ಮೈಯಲ್ಲಿ ಕಾದಿದರು ಎಂದು ಸೀಸರ್ ಬರೆದಿದ್ದಾನೆ. ಇದನ್ನು ನಾನು ಆಟದಲ್ಲಿ ಪದೇ ಪದೇ ಬಳಸುತ್ತೇನೆ. ಗುರಾಣಿಗೆ ಈಟಿ ನಾಟಿದೆ. ಅದನ್ನು ಕೀಳಲು ಒಂದು ಕ್ರಿಯೆ ಖರ್ಚು ಮಾಡುತ್ತೀಯಾ, ಗುರಾಣಿ ಬಿಸಾಡುತ್ತೀಯಾ, ಅಥವಾ ಭಾರವಾದ ಗುರಾಣಿ ಹಿಡಿದು ತೊಡರುತ್ತ ಕಾದುತ್ತೀಯಾ? ಏನೂ ಮುರಿದಿಲ್ಲ, ಆದರೂ ಎದೆ ಹೊಡೆದುಕೊಳ್ಳುತ್ತದೆ.

ಒಂದು ಅನ್ಯಾಯದ ಬಗ್ಗೆ ಹೇಳಲೇಬೇಕು. ಆಯುಧ ಮುರಿಯುವ ನಿಯಮದ ಪೆಟ್ಟು ಬೀಳುವುದು ಯಾರ ಮೇಲೆ? ಫೈಟರ್, ಪ್ಯಾಲಡಿನ್, ಬಾರ್ಬೇರಿಯನ್ ಇವರ ಮೇಲೆ. ಬರಿಗೈಯಲ್ಲಿ ಕಾದುವ ಮಾಂಕ್‌ನ ಮುಷ್ಟಿಯನ್ನು ಯಾರೂ ಮುರಿಯುವುದಿಲ್ಲ. ವಿಝರ್ಡ್‌ನ ಮಂತ್ರಸಾಮಗ್ರಿಯ ಚೀಲ ಕಿತ್ತುಹೋದರೆ 25 ನಾಣ್ಯ. ಮಂತ್ರಪುಸ್ತಕ ಸುಟ್ಟರೆ ನಿಜಕ್ಕೂ ದೊಡ್ಡ ನಷ್ಟ, ಆದರೆ ಅದನ್ನು ಸುಡಲು ಎಷ್ಟು ಡಂಜನ್ ಮಾಸ್ಟರ್‌ಗಳಿಗೆ ಮನಸ್ಸು ಬರುತ್ತದೆ? ಫೈರ್‌ಬಾಲ್ ಮಂತ್ರ ಕೂಡ ಯಾರೂ ಧರಿಸದ, ಹಿಡಿಯದ ವಸ್ತುಗಳಿಗೆ ಮಾತ್ರ ಬೆಂಕಿ ಹಚ್ಚುತ್ತದೆ ಎಂದು ಐದನೇ ಆವೃತ್ತಿ ಸ್ಪಷ್ಟವಾಗಿ ಬರೆದಿದೆ. ಮೊದಲೇ ಮಂತ್ರವಾದಿಗಳ ಕೈ ಮೇಲಿರುವ ಆಟದಲ್ಲಿ ಕತ್ತಿ ಹಿಡಿದವನ ಕತ್ತಿಯನ್ನೂ ಕಿತ್ತುಕೊಂಡರೆ ಅವನಿಗೆ ಉಳಿಯುವುದೇನು?

ನಿಮ್ಮ ಮೇಜಿಗೆ ನಾನು ಸೂಚಿಸುವ ನಿಯಮ ಇದು. ನಾನು ಇದನ್ನೇ ಆಡಿಸುತ್ತೇನೆ. ಶತ್ರು ಯಾವತ್ತೂ ಆಯುಧಕ್ಕೆ ಗುರಿ ಇಡುವುದಿಲ್ಲ, ಮೈಗೇ ಹೊಡೆಯುತ್ತದೆ. ಭಾರೀ ಆಯುಧದ ಏಟು ತಾಗಿದಾಗ, ಏಟಿನ ದಾಳ ಹಾಕಿ ಮೊತ್ತ ಹೇಳಿದ ಮೇಲೆ ಆಟಗಾರನನ್ನು ಕೇಳುತ್ತೇನೆ: ಇಷ್ಟನ್ನು ಮೈಮೇಲೆ ತಗೊಳ್ತೀಯಾ, ಖಡ್ಗ ಅಡ್ಡ ಹಿಡೀತೀಯಾ? ಅಡ್ಡ ಹಿಡಿದರೆ ಏಟು ಅರ್ಧ, ಖಡ್ಗಕ್ಕೆ ಒಂದು ಕಚ್ಚು. ಪ್ರತಿ ಕಚ್ಚಿಗೆ ಖಡ್ಗದ ಏಟಿನಲ್ಲಿ 1 ಕಡಿಮೆ, ಮೂರನೇ ಕಚ್ಚಿಗೆ ಮುರಿಯುತ್ತದೆ. ಕಮ್ಮಾರಿಕೆಯ ಉಪಕರಣ ಇದ್ದರೆ ರಾತ್ರಿಯ ವಿಶ್ರಾಂತಿಯಲ್ಲಿ ಒಂದು ಕಚ್ಚು ತೆಗೆಯಬಹುದು. ಮುರಿದರೂ ಆ ಕಾಳಗ ಮುಗಿಯುವವರೆಗೆ ಹಿಡಿಯ ಬಳಿ ಉಳಿದ ಅಲಗು ಶಾರ್ಟ್‌ಸ್ವೋರ್ಡ್‌ನಂತೆ ನಡೆಯುತ್ತದೆ. ಗುರಾಣಿಯಾದರೆ ಕಚ್ಚಿನ ಲೆಕ್ಕವಿಲ್ಲ, ಒಂದು ಏಟು ಪೂರ್ತಿ ನುಂಗಿ ಚೂರಾಗುತ್ತದೆ. ಹತ್ತು ನಾಣ್ಯಕ್ಕೆ ಇನ್ನೊಂದು ಸಿಗುತ್ತದಲ್ಲ ಎಂದು ರಾಶಿ ಹೊತ್ತುಕೊಂಡು ಬಂದಾರು ಎಂಬ ಭಯ ಬೇಡ. ಒಂದಕ್ಕೆ ಆರು ಪೌಂಡ್ ಭಾರ, ತೊಡಲು ಒಂದು ಪೂರ್ತಿ ಕ್ರಿಯೆ ಬೇಕು. ಬೆನ್ನಿಗೆ ಒಂದು ಹೆಚ್ಚಿನದು ಇರಲಿ ಬಿಡಿ, ಚೆನ್ನಾಗಿಯೇ ಕಾಣುತ್ತದೆ. ಮಾಂತ್ರಿಕ ಆಯುಧಗಳಿಗೆ ನಾನು ಇದನ್ನು ಹಚ್ಚುವುದಿಲ್ಲ.

ಶತ್ರು ಆಯುಧವನ್ನೇ ಗುರಿಯಾಗಿಸಬೇಕು ಎಂದು ಕಥೆ ಕೇಳಿದಾಗ ಮುರಿಯುವ ಬದಲು ಕೈತಪ್ಪಿಸಿ. ಅದಕ್ಕೆ ಪುಸ್ತಕದಲ್ಲೇ ಐಚ್ಛಿಕ ನಿಯಮ ಇದೆ: ದಾಳಿಯ ದಾಳಕ್ಕೆ ಎದುರಾಗಿ ಅಥ್ಲೆಟಿಕ್ಸ್ ಅಥವಾ ಅಕ್ರೊಬ್ಯಾಟಿಕ್ಸ್ ಕೌಶಲದ ದಾಳ, ಎರಡೂ ಕೈಯಲ್ಲಿ ಹಿಡಿದಿದ್ದರೆ ಹೊಡೆಯುವವನಿಗೆ ಡಿಸ್‌ಅಡ್ವಾಂಟೇಜ್ (ಎರಡು ದಾಳ ಹಾಕಿ ಕಡಿಮೆ ಬಿದ್ದದ್ದನ್ನೇ ಹಿಡಿಯಬೇಕು). ಖಡ್ಗ ಕಂದಕದ ಅಂಚಿಗೆ ಹೋಗಿ ಬೀಳಲಿ. ಅದನ್ನು ಎತ್ತಿಕೊಳ್ಳಲು ಓಡುವುದೇ ಒಂದು ಕಾಳಗ.

ಇನ್ನು ನಿಮ್ಮ ತಮ್ಮ. ಭಾನುವಾರದವರೆಗೆ ಕಾಯಬೇಡಿ, ಮೊದಲೇ ಮನೆಗೆ ಹೋಗಿ ಮಾತಾಡಿ, ಉಳಿದವರು ಇಲ್ಲದಿರುವಾಗ. ‘ನಿಯಮದಲ್ಲಿತ್ತು’ ಎಂದು ಶುರು ಮಾಡಬೇಡಿ. ‘ನಿನ್ನನ್ನು ಕೇಳಬೇಕಿತ್ತು ಕಣೋ, ಕೇಳಲಿಲ್ಲ’ ಎನ್ನಿ. ಆಮೇಲೆ ಖಡ್ಗ ಏನಾಗಬೇಕೆಂದು ಅವನನ್ನೇ ಕೇಳಿ. ಮೆಂಡಿಂಗ್‌ನಿಂದ ಮೊದಲಿನಂತೆಯೇ ಆಗಬೇಕು ಎಂದರೆ ಆಗಲಿ, ಅದಕ್ಕೆ ದಕ್ಷಿಣೆ, ಹರಕೆ, ಸಾಹಸ ಎಂದು ಬೆಲೆ ಕಟ್ಟಲು ಹೋಗಬೇಡಿ. ಎರಡು ಭಾನುವಾರ ಅವನು ಕೊಟ್ಟದ್ದೇ ಸಾಕು. ಗೆರೆ ಕಾಣುವಂತೆ ಕಮ್ಮಾರ ಬೆಸೆಯಲಿ ಎಂದರೆ, ಆ ಪಾತ್ರದ ತಂದೆಯನ್ನು ಬಲ್ಲ ಕಮ್ಮಾರನೊಬ್ಬನನ್ನು ಸಿದ್ಧ ಮಾಡಿಕೊಳ್ಳಿ. ಅವನಿಗೊಂದು ಹೆಸರಿಡಿ, ತಂದೆಯ ಬಗ್ಗೆ ಇನ್ನೂ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಅವನ ಬಾಯಲ್ಲಿರಲಿ. ‘ಮುರಿದದ್ದು ಹಾಗೇ ಇರಲಿ, ನಾನು ಆ ಓಗರ್‌ನ ಗದೆಯನ್ನೇ ಹಿಡಿಯುತ್ತೇನೆ’ ಎನ್ನುವ ಹುಡುಗರನ್ನೂ ನಾನು ನೋಡಿದ್ದೇನೆ. ಹಾಗೆಂದರೆ ಗ್ರೇಟ್‌ಕ್ಲಬ್‌ನ ಲೆಕ್ಕ ಅವನ ಹಾಳೆಯಲ್ಲಿ ಬರೆದುಕೊಡಿ: ಎಂಟು ಮುಖದ ಒಂದು ದಾಳ, ಎರಡು ಕೈ ಬೇಕು.